ಗುಂಡಿನ ಮ್ಯಾಲಿನ ಅಕ್ಷರ

ಮಂಗಳೂರಿನವನು ಎಂದರೆ ಜನ ಮೀನು, ಕಡಲು ಅಂತ ಶುರುಮಾಡುತ್ತಾರೆ. ನಮ್ಮದು ಕುಕನೂರು ತಾಲೂಕಿನ ಮಂಗಳೂರು. ಎರೆಹೊಲ, ಕಡಲೆ, ಬಿಳಿಜೋಳ. ಗುಡ್ಡ, ಕೆರೆ ನೋಡುವ ಆಸೆಯಾದರೆ ನಾವು ಕೊಡಗಿಗೆ ಹೋಗುವುದಿಲ್ಲ, ಕೊಪ್ಪಳದ ಬಸ್ಸು ಹತ್ತುತ್ತೇವೆ. ನಗುವವರು ನಗಲಿ. ಗುಂಡುಗಳ ಬೋಳುಗುಡ್ಡ, ಅದಕ್ಕೆ ಆತು ಗವಿಮಠ, ಮಠದ ಮಗ್ಗುಲಿಗೆ ಕೆರೆ. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ಇಷ್ಟು ನೀರು, ಇಷ್ಟು ನೆರಳು ಒಂದೇ ಕಡೆ ಸಿಕ್ಕರೆ ಯಾರು ತಾನೇ ಬಿಟ್ಟು ಹೋಗುತ್ತಾರೆ? ಬೌದ್ಧರು, ಜೈನರು, ಶರಣರು ಒಬ್ಬರ ಹಿಂದೊಬ್ಬರು ಬಂದು ಇಲ್ಲೇ ಕೂತರು.

ಹೋದಸಲ ಅಜ್ಜಿಯೂ ಜೊತೆಗಿದ್ದಳು. ಗವಿಸಿದ್ಧೇಶ್ವರನಿಗೆ ಕಾಯಿ ಒಡೆಸಿದ ಮೇಲೆ ಗುಡ್ಡದ ಬಂಡೆಯ ಮೇಲಿನ ಅಶೋಕನ ಶಾಸನ ತೋರಿಸಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದಾದರೂ ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1931ರಲ್ಲಿ.

“ಏನ್ ಬರಸ್ಯಾನ ತಮ್ಮಾ?”

ಉಪಾಸಕನಾಗಿ ಎರಡೂವರೆ ವರ್ಷ ಕಳೆಯಿತು, ಮೊದಮೊದಲು ಅಷ್ಟೇನೂ ಶ್ರಮಪಡಲಿಲ್ಲ, ಈಗ ಒಂದು ವರ್ಷದ ಮೇಲಾಯಿತು, ಚೆನ್ನಾಗಿ ಶ್ರಮಿಸುತ್ತಿದ್ದೇನೆ, ಸಣ್ಣವರೂ ಶ್ರಮಿಸಿದರೆ ಸ್ವರ್ಗ ಪಡೆಯಬಹುದು ಎಂದು ಬರೆಸಿದ್ದಾನೆ ಅಂದೆ. ಅಜ್ಜಿ ಬಾಯಿಯ ಎಲೆ-ಅಡಿಕೆ ಒಂದು ಕಡೆ ಸರಿಸಿಕೊಂಡು, “ನಮ್ಮೂರಾಗ ಗುಡಿಗೆ ಒಂದು ಫ್ಯಾನ್ ಕೊಟ್ರ ರೆಕ್ಕಿ ಮ್ಯಾಲೆಲ್ಲಾ ಹೆಸರು ಬರಸ್ತಾರ. ಇಂವ ರಾಜಾ ಆಗಿ ತನ್ನ ಮೈಗಳ್ಳತನ ಕಲ್ಲಾಗ ಕೆತ್ತಿಸ್ಯಾನ? ಚಲೋ ಮನಷ್ಯಾ ಇರಬೇಕ್ ಬಿಡು” ಎಂದಳು. ಅಶೋಕನ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಇಷ್ಟು ನೇರವಾದ ಷರಾ ಸಿಕ್ಕಿಲ್ಲ.

ಇದೇ ಒಕ್ಕಣೆ ಕೊಪ್ಪಳದ ಇನ್ನೊಂದು ಗುಡ್ಡ ಪಾಲ್ಕಿಗುಂಡಿನಲ್ಲೂ ಇದೆ. ಬಂಡೆಗಳ ಮೇಲೆ ಹಾಸುಬಂಡೆಯೊಂದು ಪಲ್ಲಕ್ಕಿಯಂತೆ ಕೂತಿದೆ, ಅಕ್ಷರ ಅದರಡಿ. ಅದೇ ಗುಡ್ಡದಲ್ಲಿ ಜೋಡಿ ಪಾದಗಳು. ಸಂಸ್ಕೃತದಲ್ಲಿ ‘ವರಾಂಗಚರಿತ’ ಬರೆದ ಜಟಾಸಿಂಹನಂದಿ ಆಚಾರ್ಯರವು. ಮಾಡಿಸಿದವನು ಚಾವಯ್ಯ ಎಂದು ಪಕ್ಕದಲ್ಲೇ ಹಳಗನ್ನಡದ ಸಾಲು. ಅಶೋಕನ ಬರಹಕ್ಕೆ ಯಾರೂ ಉಳಿ ತಾಗಿಸಿಲ್ಲ, ಗುಡ್ಡದಲ್ಲಿ ಬೇರೆ ಕಲ್ಲುಗಳಿದ್ದವಲ್ಲ! ಆಗ ಕೊಪಣವೆನಿಸಿದ್ದ ಈ ಕೊಪ್ಪಳ ಜೈನರಿಗೆ ದೊಡ್ಡ ತೀರ್ಥವಾಗಿತ್ತು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೇಳುವ ನಾಲ್ಕು ಊರುಗಳಲ್ಲಿ ಇದೂ ಒಂದು. ಆ ತಿರುಳಿನಲ್ಲಿ ಪ್ರಾಕೃತದ ಕಲ್ಲೂ ಇದ್ದದ್ದು ನನಗೆ ಖುಷಿ ಕೊಡುತ್ತದೆ.

ಕೊಪ್ಪಳದ ಕೋಟೆಗೆ ಅಜ್ಜಿ ಬರಲಿಲ್ಲ. 1786ರಲ್ಲಿ ಟಿಪ್ಪು ಅದನ್ನು ಪಾಳೆಯಗಾರನಿಂದ ಕಸಿದು ಫ್ರೆಂಚ್ ಎಂಜಿನಿಯರರಿಂದ ಭದ್ರಪಡಿಸಿದ. 1790ರಲ್ಲಿ ಇಂಗ್ಲಿಷರೂ ನಿಜಾಮನ ದಂಡೂ ಮುತ್ತಿದಾಗ ಆರು ತಿಂಗಳು ಬಗ್ಗಲಿಲ್ಲ. 1858ರಲ್ಲಿ ಇಂಗ್ಲಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ಕಾದಾಡಿ ಸತ್ತದ್ದೂ ಇಲ್ಲೇ. ಏರುವುದು ಏದುಸಿರಿನ ಕೆಲಸ. ನಾನು ಅರ್ಧಕ್ಕೇ ಕೂತೆ.

ಕೊಪ್ಪಳ ನಿಜಾಮರ ಕೈಕೆಳಗೆ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಇಲ್ಲಿಯ ಜಿನಬಿಂಬಗಳು ಹೈದರಾಬಾದಿನ ಅವರ ಅರಮನೆಗೆ ಹೋದವು. ನಮ್ಮ ಅಜ್ಜನ ಶಾಲೆಗೆ ಉರ್ದು ಬಂತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯುವವರೆಗೆ ಕಚೇರಿಯ ಮಾತೂ ಅದೇ. ಅಜ್ಜ ಉರ್ದುವಿನಲ್ಲಿ ಲೆಕ್ಕ ಬರೆದು, ಕನ್ನಡದಲ್ಲಿ ಬೈದು, ಮೊಹರಮ್ಮಿಗೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಿ, ಪುಷ್ಯದ ಜಾತ್ರೆಗೆ ಚಕ್ಕಡಿಯಲ್ಲಿ ರೊಟ್ಟಿ ಹೇರಿಕೊಂಡು ಗವಿಮಠಕ್ಕೆ ಹೋಗುತ್ತಿದ್ದ. ಇದನ್ನೆಲ್ಲ ಸಾಮರಸ್ಯ ಎಂದು ಭಾಷಣದಲ್ಲಿ ಹೇಳುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ಜಾತ್ರೆಗೆ ಈಗ ರೊಟ್ಟಿ ಟ್ರ್ಯಾಕ್ಟರಿನಲ್ಲಿ ಹೋಗುತ್ತದೆ, ಜೊತೆಗೆ ಮಾದಲಿ.

ಅಜ್ಜ ಬಿಟ್ಟುಹೋದ ಹೊಲದ ಕಾಗದವೂ ಉರ್ದುವಿನದೇ. ಮನೆಯಲ್ಲಿ ಯಾರಿಗೂ ಬಾರದು. ಅಜ್ಜಿ ಅದನ್ನು ಸೆರಗಿನ ಗಂಟಿನಲ್ಲಿಟ್ಟುಕೊಂಡೇ ಬಂದಿದ್ದಳು. ಪ್ಯಾಟಿಯಲ್ಲಿ ನಿವೃತ್ತ ಮಾಸ್ತರ ಸಾಹೇಬರೊಬ್ಬರು ಕನ್ನಡಕ ಒರೆಸಿಕೊಂಡು ಬಲದಿಂದ ಎಡಕ್ಕೆ ಬೆರಳಾಡಿಸುತ್ತ, ನಮ್ಮ ಕನ್ನಡದಲ್ಲಿ ಚಕ್ಕುಬಂದಿ ಓದಿದರು: ಮೂಡಲಕ್ಕೆ ಹಳ್ಳ, ಪಡುವಲಕ್ಕೆ ಬಂಡಿದಾರಿ…

ಅಜ್ಜಿ ತಡೆದಳು. “ಅದಿರ್ಲಿ ಮಾಸ್ತರ, ಬದುವಿನ ಹುಣಸಿಗಿಡ ಯಾರಿಗಂತ ಬರದಾರ?”

ಸಾಹೇಬರು ಕಾಗದ ತಿರುವಿ ನೋಡಿದರು. “ಗಿಡದ ಸುದ್ದಿನ ಇಲ್ಲಮ್ಮಾ ಇದ್ರಾಗ.”

“ಹಂಗಾರ ನಮ್ದ ಅದು,” ಎಂದು ಅಜ್ಜಿ ಕಾಗದ ಮಡಚಿ ಗಂಟು ಹಾಕಿದಳು.