ಸೊನ್ನೆಯ ನಂತರ

ಟೆಸ್ಟ್ ಪಂದ್ಯಗಳ ತರುಣ ದಾಂಡಿಗರಲ್ಲಿ ಮೇಲಾದವನು ಯಾರೆಂಬ ಪ್ರಶ್ನೆಯು ಗೃಹಸ್ಥರಾದ ನಮ್ಮ ಮನಶ್ಶಾಂತಿಯನ್ನು ಕದಡೀತೆಂದು ನಾವು ಎಣಿಸಿರಲಿಲ್ಲ. ಕಳೆದ ಭಾನುವಾರ ಸಂಜೆ ಕಾಫಿಯ ಹೊತ್ತಿನಲ್ಲಿ ನಮ್ಮ ಹಿರಿಯ ಮಗನು ಇಂಗ್ಲೆಂಡಿನ ಹ್ಯಾರಿ ಬ್ರೂಕನ ಪಕ್ಷವನ್ನು ಹಿಡಿದನು. ಹಿಂದಿನ ದಿನ ಶಾಲೆಯ ಪಂದ್ಯದಲ್ಲಿ ಸೊನ್ನೆಗೆ ಔಟಾದಂದಿನಿಂದ ಮೌನವಾಗಿದ್ದ ಕಿರಿಯವನು ನಮ್ಮ ಯಶಸ್ವಿ ಜೈಸ್ವಾಲನ ಹೆಸರು ಬಂದೊಡನೆ ಬಾಯ್ದೆರೆದನು. ವಾದವು ಬೆಳೆದು, ತೀರ್ಪು ಹೇಳುವ ಭಾರವು ನಮ್ಮ ಮೇಲೆ ಬಿದ್ದಿತು.

ಬ್ರೂಕನು 1999ರಲ್ಲಿಯೂ ಜೈಸ್ವಾಲನು 2001ರಲ್ಲಿಯೂ ಹುಟ್ಟಿದವರು. 2024ರ ಅಕ್ಟೋಬರಿನಲ್ಲಿ ಬ್ರೂಕನು ಮುಲ್ತಾನಿನಲ್ಲಿ 322 ಚೆಂಡುಗಳಿಗೆ 317 ಓಟಗಳನ್ನು ಗಳಿಸಿದನು. 1990ರಲ್ಲಿ ಗೂಚ್ ಹೊಡೆದ ಮೇಲೆ ಇಂಗ್ಲೆಂಡಿನವನೊಬ್ಬನು ಮುನ್ನೂರು ಮುಟ್ಟಿದ್ದು ಅದೇ ಮೊದಲು. “ಇದಕ್ಕಿಂತ ಸಾಕ್ಷಿ ಬೇಕೆ?” ಎಂದನು ಹಿರಿಯವನು.

“ಅದೇ ಪಂದ್ಯದಲ್ಲಿ ಪಾಕಿಸ್ತಾನದವರೇ 556 ಹೊಡೆದಿದ್ದರು, ರೂಟನು 262 ಹೊಡೆದನು. ಅಂತಹ ವಿಕೆಟ್ಟಿನಲ್ಲಿ ಅಪ್ಪನಾದರೂ ಐವತ್ತು ಹೊಡೆದಾರು!” ಎಂದು ಕಿರಿಯವನು ಉತ್ತರ ಕೊಟ್ಟನು. ಜೈಸ್ವಾಲನು 2023ರಲ್ಲಿ ಡೊಮಿನಿಕಾ ದ್ವೀಪದಲ್ಲಿ ಆಡಿದ ತನ್ನ ಮೊದಲ ಟೆಸ್ಟಿನಲ್ಲಿಯೇ 171 ಗಳಿಸಿದುದನ್ನೂ, 2024ರ ಫೆಬ್ರವರಿಯಲ್ಲಿ ವಿಶಾಖಪಟ್ಟಣದಲ್ಲಿ 209 ಗಳಿಸಿದಾಗ ಅದೇ ಇನ್ನಿಂಗ್ಸಿನಲ್ಲಿ ನಮ್ಮವರಲ್ಲಿ ಇನ್ನಾರೂ 34ನ್ನು ದಾಟದಿದ್ದುದನ್ನೂ, ಆ ಸರಣಿಯಲ್ಲಿ ಒಟ್ಟು 712 ಓಟಗಳನ್ನು ಕೂಡಿಹಾಕಿದುದನ್ನೂ ಅವನು ಪಾಠ ಒಪ್ಪಿಸುವವನಂತೆ ಹೇಳಿದನು.

ಅಂಕಿಗಳನ್ನು ಎದುರುಬದುರಾಗಿರಿಸಿದ ಮಾತ್ರಕ್ಕೆ ನ್ಯಾಯವು ತೀರುವುದಿಲ್ಲವೆಂದು ನಾವು ತಿಳಿಯಹೇಳಿದೆವು. ಜೈಸ್ವಾಲನು ಆಟವನ್ನು ಆರಂಭಿಸತಕ್ಕವನು. ಹೊಸ ಚೆಂಡಿನ ಬಿರುಸನ್ನು ಮೊದಲು ಎದುರಿಸತಕ್ಕವನು. ಬ್ರೂಕನು ಐದನೆಯವನಾಗಿ ಬರುವಾಗ ಸಾಮಾನ್ಯವಾಗಿ ಚೆಂಡು ಹಳತಾಗಿರುತ್ತದೆ. ಅಲ್ಲದೆ ಅಂಕಿಗಳನ್ನು ನಂಬಿ ನಾವೇ ಒಮ್ಮೆ ಮೋಸಹೋದವರು. 2016ರ ಡಿಸೆಂಬರಿನಲ್ಲಿ ನಮ್ಮ ಕರ್ನಾಟಕದ ತಂಡದ ಕರುಣ್ ನಾಯರನು ಚೆನ್ನೈಯಲ್ಲಿ, ತನ್ನ ಮೂರನೆಯ ಟೆಸ್ಟಿನಲ್ಲಿಯೇ, ಔಟಾಗದೆ 303 ಗಳಿಸಿದಾಗ, ಇನ್ನು ಹತ್ತು ವರ್ಷ ಭಾರತಕ್ಕೆ ಚಿಂತೆಯಿಲ್ಲವೆಂದು ನೆರೆಮನೆಯವರಿಗೆಲ್ಲ ಸಾರಿದ್ದೆವು. ಮುಂದಿನ ಟೆಸ್ಟಿನಲ್ಲಿ ಆತನಿಗೆ ಸ್ಥಳವೇ ಸಿಗಲಿಲ್ಲ. 2017ರ ಮಾರ್ಚ್ ಕಳೆದ ಮೇಲೆ ಆತನು ಮತ್ತೆ ಟೆಸ್ಟ್ ಆಡಿದ್ದು 2025ರ ಜೂನಿನಲ್ಲಿ.

ಹಾಗಾದರೆ ಅಳತೆಗೋಲು ಯಾವುದು? ನೂರು ಹೊಡೆದ ದಿನಕ್ಕಿಂತ ಸೊನ್ನೆ ಹೊಡೆದ ಮೇಲಣ ದಿನವೇ ತರುಣನ ನಿಜವಾದ ಪರೀಕ್ಷೆಯೆಂಬುದು ನಮ್ಮ ಅಭಿಪ್ರಾಯ. ಭದ್ರಾವತಿಯಲ್ಲಿ ಹುಟ್ಟಿದ ನಮ್ಮ ವಿಶ್ವನಾಥರು 1969ರಲ್ಲಿ, 20ರ ಪ್ರಾಯದಲ್ಲಿ, ಕಾನ್ಪುರದಲ್ಲಿ ಆಸ್ಟ್ರೇಲಿಯಾದ ಎದುರು ತಮ್ಮ ಮೊದಲ ಟೆಸ್ಟನ್ನು ಆಡಿದರು. ಮೊದಲ ಇನ್ನಿಂಗ್ಸಿನಲ್ಲಿ ಅವರದು ಸೊನ್ನೆ, ಎರಡನೆಯದರಲ್ಲಿ 137. ಜೈಸ್ವಾಲನೂ 2024ರ ನವೆಂಬರಿನಲ್ಲಿ ಪರ್ತ್ ನಗರದಲ್ಲಿ ಸೊನ್ನೆಗೆ ಔಟಾಗಿ, ಎರಡನೆಯ ಇನ್ನಿಂಗ್ಸಿನಲ್ಲಿ ನಮ್ಮ ರಾಹುಲನೊಡನೆ ಮೊದಲ ವಿಕೆಟ್ಟಿಗೆ 201 ಓಟಗಳನ್ನು ಸೇರಿಸಿ, ತಾನು 161 ಗಳಿಸಿದನು. ಆದುದರಿಂದ ಜೈಸ್ವಾಲನೇ ಮೇಲು ಎಂದು ನಾವು ಗಂಭೀರವಾಗಿ ತೀರ್ಪಿತ್ತೆವು.

ಹಿರಿಯವನು ಬಿಡಲಿಲ್ಲ. “2025ರಲ್ಲಿ ಲೀಡ್ಸಿನಲ್ಲಿ ಬ್ರೂಕನು ಮೊದಲು 99ಕ್ಕೂ ಆಮೇಲೆ ಮೊದಲ ಚೆಂಡಿನಲ್ಲೇ ಸೊನ್ನೆಗೂ ಔಟಾದನು. ಮುಂದಿನ ಟೆಸ್ಟಿನಲ್ಲಿ ಬರ್ಮಿಂಗ್ಹ್ಯಾಮಿನಲ್ಲಿ 84ಕ್ಕೆ ಐದು ವಿಕೆಟ್ ಬಿದ್ದಿದ್ದರೂ ನಿಂತು 158 ಹೊಡೆದನು. ಅಪ್ಪಾ, ನಿಮ್ಮ ಅಳತೆಗೋಲಿನಲ್ಲಿ ಅವನೂ ಗೆದ್ದನಲ್ಲ!” ಎಂದನು. ಕರುಣ್ ನಾಯರನೂ ಅದೇ ಲೀಡ್ಸಿನಲ್ಲಿ ಸೊನ್ನೆಯಿಂದಲೇ ಮರಳಿ ಆರಂಭಿಸಿ, ಸರಣಿಯ ಕೊನೆಯ ಟೆಸ್ಟಿನಲ್ಲಿ 57 ಗಳಿಸಿದುದು ನಮಗೆ ನೆನಪಾಯಿತು. ನಾವು ಸುಮ್ಮನಾದೆವು.

ಅಷ್ಟರಲ್ಲಿ ಅಡಿಗೆಮನೆಯಿಂದ ನಮ್ಮ ಗೃಹಿಣಿಯು ಹೊರಬಂದು, “ಹಾಗಾದರೆ ಸೊನ್ನೆ ಹೊಡೆದವನನ್ನು ಆ ದಿನವೇ ಅಳೆಯಬಾರದೆಂದಾಯಿತಲ್ಲವೆ? ನಿನ್ನೆ ನೀವು ಅಳೆದುಬಿಟ್ಟಿರಿ,” ಎಂದಳು.

ಹೌದು. ಹಿಂದಿನ ದಿನ ಹುಡುಗನು ಮನೆಗೆ ಬಂದಾಗ, “ನಿನ್ನ ವಯಸ್ಸಿಗೆ ನಿಮ್ಮಣ್ಣ ತಂಡದ ನಾಯಕನಾಗಿದ್ದ,” ಎಂದಿದ್ದೆವು. ಅವನು ಮರುಮಾತಾಡದೆ ದಾಂಡನ್ನು ಬಾಗಿಲ ಮೂಲೆಗೊರಗಿಸಿ ಒಳಗೆ ಹೋಗಿದ್ದನು. ದಾಂಡು ಇನ್ನೂ ಅಲ್ಲಿಯೇ ಇದ್ದಿತು. ದೂರದ ತರುಣರನ್ನು ತೂಗುವಾಗ ವಿಕೆಟ್ಟು, ಚೆಂಡು, ಕಾಲ ಎಲ್ಲವನ್ನೂ ಲೆಕ್ಕಕ್ಕೆ ತಂದುಕೊಂಡ ನಾವು, ಮನೆಯ ಮಗನ ವಿಷಯದಲ್ಲಿ ಅಷ್ಟು ತಾಳ್ಮೆಯನ್ನು ತೋರಿಸಿರಲಿಲ್ಲ.

“ನಿನ್ನೆ ಆಡಿದ ಮಾತು ತಪ್ಪಾಯಿತು, ಮಗು,” ಎಂದೆವು. ತಂದೆಯಾದವನಿಗೆ ಇದು ಸುಲಭವಾದ ಮಾತಲ್ಲವೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಹುಡುಗನು ತಲೆ ತಗ್ಗಿಸಿ ಸ್ವಲ್ಪ ಹೊತ್ತು ಕುಳಿತಿದ್ದು, ಬಳಿಕ, “ಹಾಗಾದರೆ ಜೈಸ್ವಾಲನೇ ಮೇಲು ತಾನೆ?” ಎಂದು ಕೇಳಿದನು.

ಹೊಸ ಚೆಂಡನ್ನು ಎದುರಿಸುವವನೆಂಬ ಕಾರಣದಿಂದ ಒಂದು ಗುಲಗಂಜಿಯ ತೂಕ ಮೇಲು ಎಂದೆವು. ಹಿರಿಯವನು ನಕ್ಕನು. ಕಿರಿಯವನು ಎದ್ದು, ಮೂಲೆಯಲ್ಲಿದ್ದ ದಾಂಡನ್ನು ತೆಗೆದುಕೊಂಡು, ಅಣ್ಣನನ್ನು ಚೆಂಡೆಸೆಯಲು ಅಂಗಳಕ್ಕೆ ಕರೆದನು.