ಮೂರು ಪಾಳಿಯ ಕಾವಲು

ಚಿಂತಾಮಣಿಯಿಂದ ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಹಾದು ಗೌರಿಬಿದನೂರಿಗೆ ಹೋಗುವುದು ಒಂದೇ ಹೆದ್ದಾರಿ. ನಸುಕಿನಲ್ಲಿ ಹೊರಟು, ಅಲ್ಲಲ್ಲಿ ಇಳಿದು ನಿಂತು ಸಾಗಿದರೆ ಕತ್ತಲಾಗುವ ಹೊತ್ತಿಗೆ ಉತ್ತರ ಪಿನಾಕಿನಿಯ ದಡ ಸೇರಬಹುದು. ೨೦೦೭ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ದಾರಿಯುದ್ದಕ್ಕೂ ಬಂಡೆಗುಡ್ಡ, ಗುಡ್ಡದ ಬುಡದಲ್ಲಿ ಕೊಳವೆ ಬಾವಿ, ಅದರ ಸುತ್ತ ಟೊಮೆಟೊ, ಬದನೆ, ಹುರುಳಿಕಾಯಿ. ಸಾವಿರ ಅಡಿ ಆಳದಿಂದ ಎತ್ತಿದ ನೀರು ಕುಡಿದು ಬೆಳೆದ ಕಾಯಿ ಅದು. ಅದನ್ನು ಉಳಿಸಿಕೊಳ್ಳಲು ಇಲ್ಲಿ ಹಗಲೂ ರಾತ್ರಿ ಮೂರು ಪಾಳಿಯ ಕಾವಲು.

ಮೊದಲ ಪಾಳಿ ನಸುಕಿನದು. ಅಂಬಾಜಿದುರ್ಗ, ಕೈವಾರದ ಬೆಟ್ಟಗಳ ಕಡೆಯ ಹೊಲಗಳಲ್ಲಿ ಮಬ್ಬು ಹರಿಯುವ ಮೊದಲೇ ನವಿಲು ಇಳಿಯುತ್ತದೆ. ಚಿಂತಾಮಣಿಯ ಮಂಡಿಗೆ ಹೋಗಬೇಕಾದ ಟೊಮೆಟೊದಲ್ಲಿ ಕೆಂಪಾದದ್ದನ್ನೇ ಆರಿಸಿ ಕುಕ್ಕುತ್ತದೆ. ಒಂದನ್ನೂ ಪೂರ್ತಿ ತಿನ್ನುವುದಿಲ್ಲ. ಕಲ್ಲು ಬೀಸುವಂತಿಲ್ಲ, ೧೯೬೩ರಿಂದ ಅದು ರಾಷ್ಟ್ರಪಕ್ಷಿ, ೧೯೭೨ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲೇ ಅದಕ್ಕೆ ರಕ್ಷಣೆ. ಹಾಗಾಗಿ ಬದುವಿನ ಮೇಲೆ ಹಳೆಯ ಕ್ಯಾಸೆಟ್ಟಿನ ಟೇಪು ಮಿರುಗುತ್ತದೆ, ಬೆದರುಗೊಂಬೆ ಕೈಚಾಚಿ ನಿಂತಿರುತ್ತದೆ. ನಾಲ್ಕು ದಿನ ಹೆದರಿದ ನವಿಲು ಐದನೆಯ ದಿನ ಗೊಂಬೆಯ ಪಕ್ಕದಲ್ಲೇ ಮೇಯುತ್ತದೆ. ಬಲ್ಲವರು ಗೊಂಬೆಯ ಜಾಗವನ್ನೂ ಅಂಗಿಯನ್ನೂ ಆಗಾಗ ಬದಲಿಸುತ್ತಾರೆ.

ಬಿಸಿಲೇರಿದ ಮೇಲೆ ಕೋತಿಗಳ ಸರದಿ. ಶಿಡ್ಲಘಟ್ಟ ರೇಷ್ಮೆಯ ಊರು. ಸುತ್ತಲಿನ ಹಳ್ಳಿಗಳ ಬೇಲಿಗಳಲ್ಲೂ ಸೀರೆಗಳೇ. ಉಟ್ಟು ಹಳೆಯದಾದ ನೈಲಾನು ಸೀರೆಗಳನ್ನು ಗೂಟದಿಂದ ಗೂಟಕ್ಕೆ ಕಟ್ಟಿರುತ್ತಾರೆ. ಕಾಡುಹಂದಿ, ಮೊಲಗಳನ್ನು ಅದು ಕೊಂಚ ತಡೆದೀತು, ಕೋತಿಯನ್ನಲ್ಲ. ಘಾಟು ಔಷಧಿ ಸಿಂಪಡಿಸೋಣವೆಂದರೆ ಪಕ್ಕದಲ್ಲೇ ಹಿಪ್ಪುನೇರಳೆ ತೋಟ. ಗಾಳಿಗೆ ಔಷಧಿ ಸೊಪ್ಪಿನ ಮೇಲೆ ಬಿದ್ದರೆ ರೇಷ್ಮೆಹುಳು ಉಳಿಯುವುದಿಲ್ಲ. ಉಳಿದದ್ದು ಕೂಗು, ಕವಣೆ ಮತ್ತು ಕಣ್ಣು.

ಹಿತ್ತಲಲ್ಲಿ ಹೀರೆ ಚಪ್ಪರದ ಕೆಳಗೆ ಕೋಲು ಹಿಡಿದು ಕೂತ ಅಜ್ಜಿಯೊಬ್ಬರು ಹೇಳುವುದಿಷ್ಟು: "ಅವಕ್ಕೆ ಗಡಿಯಾರ ಬ್ಯಾಡ ಕಣಪ್ಪ. ನಾನು ಮುದ್ದೆಗೆ ಎಸರಿಡೋಕೆ ಒಳಕ್ಕೆ ಹೋಗೋ ಹೊತ್ತು ಅವಕ್ಕೆ ಚೆನ್ನಾಗಿ ಗೊತ್ತು." ಕನ್ನಡದಲ್ಲಿ ಗದರಿದರೆ ಕದಲದ ಕೋತಿಗಳು ತೆಲುಗಿನಲ್ಲಿ ಬೈದರೆ ಓಡುತ್ತವೆಂದು ನಗುತ್ತಾರೆ. ಮೊದಲು ಅವರೆ, ಸೌತೆ, ಪಡವಲ ಎಲ್ಲ ಇದ್ದ ಹಿತ್ತಲದು. ಕೋತಿ ಅಷ್ಟಾಗಿ ಮುಟ್ಟದೆಂದು ಈಗ ಹಾಗಲದ ಬಳ್ಳಿಯೇ ಹೆಚ್ಚು. ಮನೆಯ ಅಡಿಗೆ ಏನೆಂಬುದನ್ನು ಕೋತಿಯೇ ಗೊತ್ತುಮಾಡಿದಂತಾಗಿದೆ. ಹೀರೆಯೊಂದನ್ನು ಮಾತ್ರ ಅಜ್ಜಿ ಬಿಟ್ಟುಕೊಟ್ಟಿಲ್ಲ.

ಕೋತಿಗಳು ಹೆಚ್ಚಾಗಿವೆ ಎಂಬುದು ದಾರಿಯುದ್ದಕ್ಕೂ ಕೇಳುವ ದೂರು. ಎಣಿಸಿದವರ ಲೆಕ್ಕ ಬೇರೆ. ಮೈಸೂರು ಸೀಮೆಯ ರಸ್ತೆಬದಿಯ ಕೋತಿಗಳು ೨೫ ವರ್ಷಗಳಲ್ಲಿ ಶೇಕಡ ೬೫ಕ್ಕೂ ಹೆಚ್ಚು ಕಡಿಮೆಯಾದವೆಂದು ೨೦೧೭ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ರಸ್ತೆ ಅಗಲವಾದಾಗ ಆಲ, ಅರಳಿ, ಗೋಣಿಯ ಸಾಲುಮರಗಳು ಹೋದವು. ಹಣ್ಣೂ ನೆರಳೂ ಹೋದವು. ಮರ ಕಳೆದುಕೊಂಡ ಕೋತಿ ಮನೆಯ ಹೆಂಚು ಹತ್ತಿತು. ಸಂಖ್ಯೆ ಇಳಿದರೂ ಕಣ್ಣಿಗೆ ಬೀಳುವುದು ಹೆಚ್ಚಿತು. ಹಿಡಿದು ದೂರ ಬಿಟ್ಟು ಬಂದರೆ ತಾಪತ್ರಯ ಇನ್ನೊಂದು ಊರಿನ ಹಿತ್ತಲಿಗೆ ಹೋಗುತ್ತದೆ, ಅಷ್ಟೆ.

ಚಿಕ್ಕಬಳ್ಳಾಪುರಕ್ಕೆ ಬರುವಾಗ ಇಳಿಹೊತ್ತು. ನಂದಿಬೆಟ್ಟದ ಮೇಲೆ ಪ್ರವಾಸಿಗರ ಕೈಯ ತಿಂಡಿ ಪೊಟ್ಟಣ ಕಸಿದು ಕಲಿತ ಕೋತಿಗೆ ಮನುಷ್ಯರ ಅಂಜಿಕೆಯೇ ಇಲ್ಲ. ಕೆಳಗಿನ ದ್ರಾಕ್ಷಿ ಚಪ್ಪರಗಳ ಮೇಲೆ ಹಕ್ಕಿ, ಬಾವಲಿಗಳಿಗಾಗಿ ಬಲೆ ಹಾಸಿದ್ದಾರೆ. ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಿ, ದಿನವೂ ನೋಡುತ್ತಿರಬೇಕು. ಸಡಿಲ ಬಿಟ್ಟರೆ ಹಕ್ಕಿ ಸಿಕ್ಕಿ ಸಾಯುತ್ತದೆ. ನೆಲಕ್ಕೆ ಬಿದ್ದ ಬಲೆಯಲ್ಲಿ ಇಲಿ ಹಿಡಿಯಲು ಬಂದ ಹಾವೂ ಸಿಕ್ಕಿಕೊಳ್ಳುತ್ತದೆ.

ಮೂರನೆಯ ಪಾಳಿ ರಾತ್ರಿಯದು. ಮಂಚೇನಹಳ್ಳಿ ದಾಟಿ ಗೌರಿಬಿದನೂರಿನ ಕಡೆ ಹೊರಟರೆ ಜೋಳ, ಕಡಲೆಕಾಯಿ ಹೊಲಗಳ ನಡುವೆ ಬ್ಯಾಟರಿ ಬೆಳಕು ಅಲ್ಲೊಂದು ಇಲ್ಲೊಂದು ಓಡಾಡುತ್ತದೆ. ಕಾಡುಹಂದಿ ತಿನ್ನುವುದಕ್ಕಿಂತ ಅಗೆದು ಕೆಡಿಸುವುದೇ ಹೆಚ್ಚು. ಕಂಬದಿಂದ ತಂತಿ ಎಳೆದು ಬೇಲಿಗೆ ಕರೆಂಟು ಬಿಡುವುದು ಅಪರಾಧ; ಹಂದಿಗಿಟ್ಟ ತಂತಿಗೆ ದನವೂ ಬಲಿ, ನೀರು ಕಟ್ಟಲು ಹೋದ ಮನೆಯವನೂ ಬಲಿ. ಸೌರ ಬೇಲಿ ಹಾಗಲ್ಲ, ಕ್ಷಣಕ್ಕೊಮ್ಮೆ ಮುಟ್ಟಿ ಬೆಚ್ಚಿಸುತ್ತದೆ, ಕೊಲ್ಲುವುದಿಲ್ಲ. ಆದರೆ ತಂತಿಗೆ ಹುಲ್ಲು ತಾಗಿದರೆ ಅದರ ಶಕ್ತಿ ಸೋರಿಹೋಗುತ್ತದೆ. ಕಳೆ ಕೀಳುತ್ತಲೇ ಇರಬೇಕು.

ಬೇಲಿ ಯಾವುದಾದರೂ ಕೊನೆಗೆ ಬೇಕಾದದ್ದು ಒಬ್ಬ ಮನುಷ್ಯ. ಅವನೇ ಈ ಹಳ್ಳಿಗಳಲ್ಲಿ ಕಡಿಮೆಯಾಗುತ್ತಿರುವುದು. ಹುಡುಗರು ಬೆಂಗಳೂರಿನ ದಾರಿ ಹಿಡಿದಿದ್ದಾರೆ, ಕಾವಲಿಗೆ ಉಳಿದವರು ಮುದುಕರು.

ನದಿ ದಡದ ಹೊಲವೊಂದರಲ್ಲಿ ಪುಟ್ಟ ಧ್ವನಿವರ್ಧಕ ರಾತ್ರಿಯಿಡೀ "ಹೋಯ್, ಹೋಯ್" ಎಂದು ಕೂಗುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಹಬ್ಬಕ್ಕೆ ಬಂದಾಗ ತನ್ನ ದನಿಯನ್ನೇ ತುಂಬಿಸಿ ಕೊಟ್ಟು ಹೋದದ್ದು. ವಾರ ಕಳೆಯುವಷ್ಟರಲ್ಲಿ ಹಂದಿಗಳಿಗೆ ಆ ದನಿ ರೂಢಿಯಾಯಿತು. ಈಗ ಅಪ್ಪ ಸಂಜೆಯಾದರೆ ಆ ಪೆಟ್ಟಿಗೆಯನ್ನು ಹೆಗಲಿಗೇರಿಸಿ, ದಿನಕ್ಕೊಂದು ಬದುವಿಗೆ ಕೊಂಡೊಯ್ದು ಇಡುತ್ತಾರೆ. ಆಮೇಲೆ ಕಂಬಳಿ ಹೊದ್ದು ಅಟ್ಟಣೆ ಹತ್ತುತ್ತಾರೆ.