ಜಂತಿ ಸೀಳಿದ ಮೇಲೆ

ವ್ಯಾನಿನ ಒಳಗೆ ಮೂಲೆಮಟ್ಟ ಹಿಡಿದು ಕೂತವನಿಗೆ ಬಲು ಬೇಗ ತಿಳಿಯುವ ಸಂಗತಿ, ಅಲ್ಲಿ ಒಂದೂ ನೇರ ಗೋಡೆ ಇಲ್ಲ ಎಂಬುದು. ಪಕ್ಕದ ತಗಡು ಮೇಲೆ ಹೋದಂತೆ ಒಳಕ್ಕೆ ವಾಲುತ್ತದೆ, ನಡುವೆ ಹೊಟ್ಟೆ ಬಿಟ್ಟಿರುತ್ತದೆ, ಮುಂದಕ್ಕೆ ಹೋದಂತೆ ಕಿರಿದಾಗುತ್ತದೆ. ರಸಮಟ್ಟವನ್ನೂ ನಂಬುವಂತಿಲ್ಲ. ಗಾಡಿ ನಿಂತಿರುವುದು ಟೈರು ಮತ್ತು ಪಾಟಾಗಳ ಮೇಲೆ. ಒಬ್ಬ ಹತ್ತಿದರೆ ಸಾಕು, ಒಂದು ಮಗ್ಗಲು ತಗ್ಗುತ್ತದೆ. ಆದ್ದರಿಂದ ಹೊರಗಿನ ನೆಲವನ್ನು ಲೆಕ್ಕಕ್ಕೆ ಹಿಡಿಯದೆ ಗಾಡಿಯ ತಳವನ್ನೇ ನೆಲವೆಂದು ಒಪ್ಪಿಕೊಳ್ಳಬೇಕು. ಹಿಂಬಾಗಿಲ ನಡುಮಧ್ಯದಿಂದ ಚಾಲಕನ ಸೀಟಿನ ಹಿಂದಿನವರೆಗೆ ಒಂದು ದಾರ ಬಿಗಿದು, ಎಡಬಲದ ಅಳತೆಯನ್ನೆಲ್ಲ ಆ ದಾರದಿಂದ ತೆಗೆಯಬೇಕು. ‘ಹೊರಗಿನ ನೆಲದ ಚಿಂತಿ ಬಿಡ್ರಿ’ ಎಂದು ಬಡಿಗ್ಯಾ ಹೇಳಿದ ಮಾತು ನನಗೆ ಕೂಡಲೇ ಹಿಡಿಸಿತು. ಯಾಕೆ ಅಷ್ಟು ಹಿಡಿಸಿತು ಎಂದು ಅಂದಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ನಾನು ಗಾಲಿಮನೆಯಾಗಿ ಮಾಡಿಸುತ್ತಿರುವ ಈ ಗಾಡಿ ಒಂದು ಹಳೆಯ ಟೆಂಪೋ ಟ್ರಾವೆಲರ್. ಮದುವೆ ದಿಬ್ಬಣ, ತುಳಜಾಪುರ, ಪಂಢರಪುರ ಎಂದು ಓಡಾಡಿ ದಣಿದದ್ದು. ಸಿಂದಗಿಯಲ್ಲಿ ವಿಜಯಪುರ–ಕಲಬುರಗಿ ಹೆದ್ದಾರಿಗೆ ಹತ್ತಿದ ಒಂದು ಶೆಡ್ಡಿನಲ್ಲಿ ನಿಂತಿದೆ. ಸೀಟು, ಒಳಗಿನ ಹೊದಿಕೆ ಎಲ್ಲ ಕಿತ್ತಾಗ ತಗಡಿನ ಹಿಂದಿನ ಉಕ್ಕಿನ ಪಕ್ಕೆಲುಬುಗಳು ಕಂಡವು. ಕಟ್ಟಿಗೆಯ ಪಟ್ಟಿ ಕಚ್ಚಿಕೊಳ್ಳಬೇಕಾದದ್ದು ಈ ಪಕ್ಕೆಲುಬುಗಳಿಗೆ, ಹೊರತಗಡಿಗಲ್ಲ. ಅದಕ್ಕೂ ಬರೀ ಸ್ಕ್ರೂ ನಡೆಯುವುದಿಲ್ಲ. ಉಕ್ಕು ತೆಳು, ಸ್ಕ್ರೂವಿನ ಒಂದೆರಡು ಎಳೆ ಮಾತ್ರ ಹಿಡಿದಿರುತ್ತವೆ, ರಸ್ತೆಯ ನಡುಕಕ್ಕೆ ತೂತು ಅಗಲವಾಗಿ ಪಟ್ಟಿ ಸಡಿಲಾಗುತ್ತದೆ. ಅದಕ್ಕೇ ರಿವೆಟ್ ನಟ್ ಹಾಕುತ್ತಾರೆ. ತೂತಿನಲ್ಲಿ ಕೂರಿಸಿ ಒತ್ತಿದರೆ ಅದು ಹಿಂದಿನಿಂದ ಉಬ್ಬಿ ತಗಡನ್ನು ಎರಡೂ ಕಡೆ ಹಿಡಿಯುತ್ತದೆ, ಆಮೇಲೆ ಅದರೊಳಗೆ ಬೋಲ್ಟು ತಿರುಗಿಸಬಹುದು. ಕೊರೆದ ತೂತಿಗೆಲ್ಲ ಮೊದಲು ಪ್ರೈಮರ್ ಬಳಿಯಬೇಕು, ಇಲ್ಲವಾದರೆ ತುಕ್ಕು ಅಲ್ಲಿಂದಲೇ ಶುರು. ಪಟ್ಟಿಗೂ ಉಕ್ಕಿಗೂ ನಡುವೆ ರಬ್ಬರಿನ ತುಂಡು ಇಟ್ಟರೆ ಕಿರುಗುಟ್ಟುವುದಿಲ್ಲ, ಬಿಸಿಯೂ ನೇರ ಒಳಗೆ ದಾಟುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಬಡಿಗ್ಯಾ ತಾಳಿಕೋಟೆಯ ಕಡೆಯವನು, ಹಳೆಯ ಮುದ್ದೇಬಿಹಾಳ ತಾಲೂಕು. ಅವನ ಮನೆಯಲ್ಲಿ ಹಿಂದೆ ಎತ್ತಿನ ಬಂಡಿ ಮಾಡುತ್ತಿದ್ದರು: ಕರಿಜಾಲಿಯ ಗುಂಬ, ಅರ, ಕಾಯಿಸಿ ತೊಡಿಸಿದ ಕಬ್ಬಿಣದ ಹಳಿ. ಬಂಡಿಯ ಕೂಡಿಕೆಗಳನ್ನು ಕೀಲು ಮತ್ತು ಹಗ್ಗದಿಂದ ಬಿಗಿಯುತ್ತಿದ್ದದ್ದು ಬಡತನಕ್ಕಲ್ಲ, ಎರಿಹೊಲದ ಕೊರಕಲಿನಲ್ಲಿ ಅದು ತುಸು ಅಲುಗಾಡಲಿ ಎಂದು. ಅಲುಗದ ಚೌಕಟ್ಟು ಸೀಳುತ್ತದೆ. ವ್ಯಾನಿಗೂ ಅದೇ ಲೆಕ್ಕ. ತಿರುವಿನಲ್ಲಿ ಇಡೀ ಮೈ ಸಣ್ಣಗೆ ಹಿಂಡಿಕೊಳ್ಳುತ್ತದೆ, ಆದ್ದರಿಂದ ಗಟ್ಟಿಯಾಗಿ ಕಲ್ಲಾಗುವ ಅಂಟು ಬೇಡ, ರಬ್ಬರಿನಂತೆ ಉಳಿಯುವ ಪಾಲಿಯುರೆಥೇನ್ ಅಂಟು ಬೇಕು. ಇಂಥದ್ದನ್ನು ಅವನಿಗೆ ಯಾರೂ ಪಾಠ ಮಾಡಿಲ್ಲ. ಗೋಡೆಯ ಬಾಗನ್ನು ರಟ್ಟಿಗೆ ಇಳಿಸಿ, ಕತ್ತರಿಸಿ, ಮತ್ತೆ ಹಿಡಿದು, ಬೆಳಕು ತೂರದ ಹಾಗೆ ಕೂಡುವವರೆಗೆ ಅವನು ಕಟ್ಟಿಗೆ ಮುಟ್ಟುವುದಿಲ್ಲ.

ಈ ಗಾಡಿ ಯಾಕೆ ಎಂದು ಕೇಳಿದವರಿಗೆಲ್ಲ ನಾನು ಹೇಳಿದ್ದು ಒಂದೇ: ದೇಶ ನೋಡಬೇಕು, ಯಾರ ಹಂಗೂ ಇಲ್ಲದೆ ಇರಬೇಕು. ಹೇಳುವಾಗ ಅದು ಸುಳ್ಳು ಅನ್ನಿಸಿರಲಿಲ್ಲ. ಕಟ್ಟಿಗೆ ಆರಿಸುವ ಹೊತ್ತು ಬಂದಾಗ ಮಾತ್ರ ಬೇರೆಯದೊಂದು ಮೇಲೆ ಬಂತು.

ತೂಕದ ದೃಷ್ಟಿಯಿಂದ ನೋಡಿದರೆ ಅಲ್ಯೂಮಿನಿಯಂ ಕೊಳವೆ ಒಳ್ಳೆಯದು, ಇಲ್ಲವೇ ಹಗುರ ಪ್ಲೈವುಡ್. 18 ಮಿಲಿಮೀಟರಿನ 8 ಅಡಿ–4 ಅಡಿ ಹಲಗೆ ಒಂದಕ್ಕೇ 30 ಕಿಲೋ ಮೀರುತ್ತದೆ. 9 ಮಿಲಿಮೀಟರಿನದು ಅದರ ಅರ್ಧ. ಗಾಡಿಗೆ ಕಾರ್ಖಾನೆ ಗೊತ್ತುಮಾಡಿದ ಒಟ್ಟು ಭಾರ ದಾಟುವಂತಿಲ್ಲ. ನೀರು, ಬ್ಯಾಟರಿ, ಮನುಷ್ಯರು ಎಲ್ಲ ಅದರೊಳಗೇ ಬರಬೇಕು. ಇದೆಲ್ಲ ಗೊತ್ತಿದ್ದೂ ನಾನು ಬೇವಿನ ಕಟ್ಟಿಗೆಯೇ ಆಗಬೇಕು ಎಂದು ಹಟ ಹಿಡಿದೆ. ಆ ಬೇವು ಅಂಗಡಿಯದಲ್ಲ. ನನ್ನ ತಾಯಿಯ ತವರುಮನೆಯ ಜಂತಿಗಳು.

ತಾಯಿಯ ತವರು ಆಗಿನ ಬಸವನ ಬಾಗೇವಾಡಿ ತಾಲೂಕಿನ ಕೃಷ್ಣೆಯ ದಂಡೆಯ ಊರು. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ನೀರು ಊರಿಗೆ ಬರಲು ಮೂರು ದಶಕ ಹಿಡಿಯಿತು. ಅಷ್ಟು ಕಾಲ ಜನ ‘ಇವತ್ತು ನಾಳೆ’ ಎನ್ನುತ್ತಲೇ ಮಕ್ಕಳ ಮದುವೆ ಮಾಡಿದರು, ಮಾಳಿಗೆಗೆ ಹೊಸ ಮಣ್ಣು ಹಾಕಿದರು. ಬಿಡುವ ದಿನ ಬಂದಾಗ ಊರಿಗೆ ಊರೇ ಮನೆಗಳನ್ನು ಬಿಚ್ಚತೊಡಗಿತು. ಮಣ್ಣಿನ ಗೋಡೆ ಬಿಟ್ಟು ಮಿಕ್ಕವೆಲ್ಲ ಬಂದವು: ಬಾಗಿಲ ಚೌಕಟ್ಟು, ಕಂಬ, ತೊಲೆ, ಜಂತಿ, ಕಿಟಕಿಯ ಸರಳು, ಬೀಸುವ ಕಲ್ಲು. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಪುನರ್ವಸತಿ ಕೇಂದ್ರಕ್ಕೆ ಹೋದವು. ಅಲ್ಲಿನ ಹೊಸ ಮನೆಗೆ ಸಿಮೆಂಟಿನ ಮಾಡು ಬಂತು, ಜಂತಿಗಳಿಗೆ ಕೆಲಸ ಉಳಿಯಲಿಲ್ಲ. ಅವು ಹಿತ್ತಲಿನ ತಗಡಿನ ಕೆಳಗೆ ಒರಗಿಕೊಂಡೇ ಇದ್ದವು. ನಾನು ಶಾಲೆಯ ಹುಡುಗ ಆಗ. ಮನೆ ಎಂದರೆ ಬಿಚ್ಚಿ, ಎಣಿಸಿ, ಸೀಮೆಸುಣ್ಣದಿಂದ ಗುರುತು ಹಾಕಿ ಒಯ್ಯುವಂಥದ್ದು ಎಂದು ಕಣ್ಣಾರೆ ಕಂಡೆ.

ಜಂತಿಗಳನ್ನು ಎರಡಿಂಚು ಒಂದಿಂಚಿನ ಪಟ್ಟಿಯಾಗಿ ಸೀಳಬೇಕಿತ್ತು. ಮೇಲ್ಮೈ ಅಡುಗೆಮನೆಯ ಹೊಗೆಗೆ ಕಪ್ಪಾಗಿ ಮಿರುಗುತ್ತಿತ್ತು. ಗರಗಸ ಇಳಿದ ಕೂಡಲೇ ಒಳಗಿನಿಂದ ಕೆಂಪು ಬಣ್ಣ, ಬೇವಿನ ಕಹಿ ವಾಸನೆ. ಒಂದು ಹುಳ ಇಲ್ಲ. ತೊಟ್ಟಿಲು ತೂಗುಹಾಕಿದ್ದ ಮೊಳೆ ಒಂದರೊಳಗೆ ಉಳಿದಿತ್ತು. ಬಡಿಗ್ಯಾ ಅದನ್ನು ಬಹಳ ಹೊತ್ತು ತೆಗೆದುಕೊಂಡು ಇಡಿಯಾಗಿ ಕಿತ್ತು ಕೈಗೆ ಕೊಟ್ಟ. ನನಗೆ ಎದೆ ಹಿಂಡಿದಂತಾಯಿತು. ಹಾಗೆ ಹಿಂಡಿದ್ದು ದುಃಖಕ್ಕೆ ಮಾತ್ರವಲ್ಲ. ಮುಳುಗಿದ ಮನೆ ಮತ್ತೆ ಒಂದು ಮನೆಯ ಒಳಗೋಡೆಯಾಗುತ್ತದೆ, ಈ ಸಲ ಯಾರೂ ನೋಟೀಸು ಕೊಟ್ಟು ಎಬ್ಬಿಸುವಂತಿಲ್ಲ ಎಂಬ ಬಲವಾದ ಸಮಾಧಾನವೂ ಅದರಲ್ಲಿ ಇತ್ತು. ನೀರು ಬಂದರೆ ಕೀಲಿ ತಿರುಗಿಸಿ ಹೋಗಬಹುದು.

ಹಾಗಾದರೆ ನನಗೆ ಬೇಕಾದದ್ದು ದೇಶ ನೋಡುವುದಲ್ಲ. ನನಗೆ ನೆಲದ ಮೇಲೆ ನಂಬಿಕೆ ಇಲ್ಲ. ಈ ವಾಕ್ಯ ಬರೆಯಲು ಇಷ್ಟು ವರ್ಷ ಹಿಡಿಯಿತು. ಹಿಂತಿರುಗಿ ನೋಡಿದರೆ ಎಲ್ಲದರಲ್ಲೂ ಅದೇ ಕಾಣುತ್ತದೆ. ಇಂಡಿ ತಾಲೂಕಿನ ನಮ್ಮ ತಂದೆಯ ಹೊಲದಲ್ಲಿ ತಮ್ಮ ಲಿಂಬಿ ಹಚ್ಚಿದ್ದಾನೆ. ಸಸಿ ಹಚ್ಚಿ ಹಣ್ಣು ಕಾಣಲು ಮೂರು ನಾಲ್ಕು ವರ್ಷ ಕಾಯಬೇಕು, ಅವನು ಕಾದ. 2023ರಲ್ಲಿ ಇಂಡಿ ಲಿಂಬೆಗೆ ಜಿಐ ಮಾನ್ಯತೆ ಸಿಕ್ಕಾಗ ಅವನ ಮುಖದಲ್ಲಿದ್ದ ಹೆಮ್ಮೆ ನೋಡಿ ನನಗೆ ಸಂತೋಷವಾಯಿತು. ನಾನು ಮಾತ್ರ ಒಂದು ಗಿಡವನ್ನೂ ನೆಟ್ಟವನಲ್ಲ. ಬಾಡಿಗೆ ಮನೆಗಳಲ್ಲೇ ಬಾಳಿದೆ, ಗೋಡೆಗೆ ಮೊಳೆ ಹೊಡೆಯಲಿಲ್ಲ. ಅದನ್ನು ಸರಳ ಬದುಕು ಎಂದುಕೊಂಡಿದ್ದೆ. ಭಯಕ್ಕೆ ಕಾರಣವೂ ತೀರಿಲ್ಲ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲುವುದು 519.60 ಮೀಟರಿಗೆ. 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಆ ಎರಡು ಅಂಕಿಗಳ ನಡುವೆ ಇನ್ನೂ ಊರುಗಳಿವೆ, ಅಲ್ಲಿ ಜನ ಇವತ್ತೂ ಮಾಳಿಗೆ ಸೋರಿದರೆ ದುರಸ್ತಿ ಮಾಡಿಸಬೇಕೋ ಬೇಡವೋ ಎಂದು ಯೋಚಿಸುತ್ತಾರೆ. ಬಯಲುಸೀಮೆಯ ಹೊಲಕ್ಕೆ ನೀರು ಬೇಕು ಎಂಬುದನ್ನು ನಾನು ಅಲ್ಲಗಳೆಯುವವನಲ್ಲ. ತಮ್ಮನ ಲಿಂಬಿಗೂ ನೀರೇ ಬೇಕು. ಎರಡೂ ನಿಜ, ಎರಡನ್ನೂ ಹೊತ್ತುಕೊಂಡೇ ಇರಬೇಕಾಗಿದೆ.

ಈ ಭಯಕ್ಕೆ ದೊಡ್ಡ ಹೆಸರು ಕೊಡಲು ಮನಸ್ಸು ಕಾಯುತ್ತಿರುತ್ತದೆ. ಗೆಳೆಯರೊಬ್ಬರು ಗಾಡಿಗೆ ‘ಜಂಗಮ’ ಎಂದು ಬರೆಸು, ಬಾಗೇವಾಡಿಯ ಮಣ್ಣಿನ ಮೊಮ್ಮಗ ನೀನು ಎಂದರು. ನಾನು ಒಪ್ಪಲಿಲ್ಲ. ಬಸವಣ್ಣ ಹುಟ್ಟಿದ ಊರಿನ ಹತ್ತಿರದವನು ಎಂಬ ಮಾತ್ರಕ್ಕೆ ನನ್ನ ಹೆದರಿಕೆ ವೈರಾಗ್ಯವಾಗುವುದಿಲ್ಲ. ಬಿಟ್ಟು ನಡೆದವರ ಮಾತು ಬೇರೆ, ಕಸಿದುಕೊಂಡಾರು ಎಂದು ಏನನ್ನೂ ಹಿಡಿಯದವನ ಮಾತು ಬೇರೆ.

ಇನ್ನೊಂದು ಮುಳ್ಳೂ ಇದೆ. ಸುಖಕ್ಕಾಗಿ ಮಾಡಿಸಿದ ಮೊದಲ ಗಾಲಿಮನೆ ಎಂದು ಹೆಸರಾದದ್ದು ಇಂಗ್ಲೆಂಡಿನ ‘ವಾಂಡರರ್’. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾಪಡೆಯ ವೈದ್ಯ ಬ್ರಿಸ್ಟಲ್ಲಿನ ವ್ಯಾಗನ್ ಕಾರ್ಖಾನೆಯಲ್ಲಿ ಕಟ್ಟಿಸಿದ್ದು, ಎರಡು ಕುದುರೆ ಎಳೆಯುತ್ತಿದ್ದವು. ಜಿಪ್ಸಿಗಳ ಬಂಡಿಗಳು ರಸ್ತೆಯಲ್ಲಿ ಓಡಾಡುತ್ತಲೇ ಇದ್ದ ದೇಶದಲ್ಲಿ, ಸೇವಕರನ್ನು ಕರೆದುಕೊಂಡು ಹೊರಟ ಒಬ್ಬ ಗೃಹಸ್ಥ ತನ್ನನ್ನೂ ಜಿಪ್ಸಿ ಎಂದು ಕರೆದುಕೊಂಡ. ಓದಿದಾಗ ನನಗೆ ಇಂಡಿಯ ಕಬ್ಬಿನ ಗದ್ದೆಗಳು ನೆನಪಾದವು. ಮಳೆಗಾಲ ಮುಗಿದು ಸಕ್ಕರೆ ಕಾರ್ಖಾನೆಗಳು ಶುರುವಾಗುತ್ತಲೂ ಕಬ್ಬು ಕಡಿಯುವವರು ಬರುತ್ತಾರೆ. ಗಂಡಹೆಂಡತಿಯನ್ನು ಸೇರಿಸಿ ಒಂದು ಕೊಯ್ತಾ ಎಂದು ಲೆಕ್ಕ. ಮುಂಗಡ ಹಣ ಆಗಲೇ ಖರ್ಚಾಗಿರುತ್ತದೆ. ನಾಲ್ಕು ಬಿದಿರು ಬಾಗಿಸಿ, ತಾಡಪತ್ರಿ ಹೊದಿಸಿ, ಕಬ್ಬಿನ ರವದಿಯಿಂದ ಮುಚ್ಚಿದ ಗುಡಿಸಲು; ಕೆಲಸ ತೀರಿದರೆ ಅದನ್ನೂ ಬಿಚ್ಚಿ ಟ್ರ್ಯಾಕ್ಟರಿಗೆ ಹಾಕಿ ಮುಂದಿನ ಹೊಲ. ನಮ್ಮ ತಾಂಡಾಗಳಿಂದ ಗೋವೆಗೆ, ರತ್ನಾಗಿರಿಗೆ ಹೋಗುವವರೂ ಹೀಗೇ. ಅವರ ಪಕ್ಕದಲ್ಲಿ ಬೇವಿನ ಒಳಗೋಡೆಯ ವ್ಯಾನು ನಿಲ್ಲಿಸಿ ನಾನೂ ಅಲೆಮಾರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವರಿಗೆ ಬೇಕಾದದ್ದು ನಿಲ್ಲಲು ಒಂದು ಜಾಗ. ನನಗೆ ಸಿಕ್ಕ ಜಾಗದಲ್ಲಿ ನಿಲ್ಲುವ ಧೈರ್ಯವಿಲ್ಲ.

ನಿಲ್ಲುವ ಜಾಗ ಯಾವುದು ಎಂಬುದನ್ನೇ ಸರಕಾರದ ಕಾಗದ ಕೂಡ ಬೇರೆ ದಾರಿಯಿಂದ ಕೇಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ನೋಂದಣಿ ಪುಸ್ತಕದಲ್ಲಿ ಇರುವುದಕ್ಕೆ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಖಡಾಖಂಡಿತ ಮಾಡಿತು. ಮನೆಗಾಡಿಗೆ ಬೇರೆಯೇ ವರ್ಗ, ಬೇರೆಯೇ ಸುರಕ್ಷತಾ ಮಾನದಂಡ ಇವೆ. ಒಪ್ಪಿಗೆ ಬರುವವರೆಗೆ ಗಾಡಿ ಶೆಡ್ಡಿನಲ್ಲೇ ಇರುತ್ತದೆ. ಅರ್ಜಿಯಲ್ಲಿ ಮಾಲೀಕರ ಕಾಯಂ ವಿಳಾಸ ಕೇಳಿದ್ದಾರೆ. ಪುನರ್ವಸತಿ ಕೇಂದ್ರದ ಮನೆಯ ನಂಬರು ಬರೆದೆ.

ತಾಯಿಗೆ ಶೆಡ್ಡು ತೋರಿಸಿದೆ. ಪಟ್ಟಿಗಳ ಮೇಲೆ ಕೈ ಆಡಿಸಿ, ಯಾವುದು ಅಡಗಿಮನೀದು, ಯಾವುದು ಪಡಸಾಲೀದು ಎಂದು ಕಪ್ಪಿನ ಮೇಲೆ ಗುರುತು ಹಿಡಿದಳು. ಸೀಳಿದ್ದಕ್ಕೆ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ, ಆಗಲಿಲ್ಲ. ‘ಚಲೋ ಆತು, ಗೆದ್ದಲಕ್ಕ ಹಾಕೂದರಕಿಂತ’ ಎಂದಳು. ಆಮೇಲೆ ಕೇಳಿದಳು: ‘ಇದನ್ನ ಎಲ್ಲಿ ನಿಂದರಸ್ತಿ?’

ಎಲ್ಲಿ ಬೇಕಾದರೂ ಎಂದೆ. ‘ಎಲ್ಲಿ ಬೇಕಾದಲ್ಲಿ ಅಂದ್ರ ಅದೂ ಒಬ್ಬರ ಹೊಲನ ಅಲ್ಲ?’

ಉತ್ತರ ಹೊಳೆಯಲಿಲ್ಲ, ಆದರೆ ಆ ಕ್ಷಣ ಬಾಯಿಗೆ ಬಂದದ್ದು ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು. ಬೇಸಿಗೆಯ ಕೊನೆಗೆ ಹಿನ್ನೀರು ಇಳಿದಾಗ ಹಳೆಯ ಊರಿನ ದಿಬ್ಬ ಕಾಣುತ್ತದೆ, ಕೆಸರು ಒಣಗಿದ ಮೇಲೆ ಸಮೀಪದವರೆಗೆ ಗಾಡಿ ಹೋಗುತ್ತದೆ, ಮೊದಲು ಅಲ್ಲಿಗೆ ಹೋಗಬೇಕು ಎಂದಿದ್ದೇನೆ ಎಂದು ಹೇಳಿದೆ. ಹಿಮಾಲಯ, ಕಚ್ಛ್ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದವನು ನಾನು. ತಾಯಿ ‘ನಾನೂ ಬರ್ತೀನಿ’ ಎಂದಳು. ಅವಳ ಮೊಳಕಾಲು ನೋವಿಗೆ ಮೆಟ್ಟಿಲು ಎತ್ತರವಾಗುತ್ತದೆ, ಒಬ್ಬನಿಗೆಂದು ಬರೆದ ನಕ್ಷೆಯಲ್ಲಿ ಎರಡನೆಯ ಹಾಸಿಗೆಗೆ ಜಾಗವಿಲ್ಲ.

ಬಡಿಗ್ಯಾ ದಾರವನ್ನು ಮತ್ತೆ ಬಿಗಿದಿದ್ದಾನೆ. ಬಲಗಡೆಯ ಹಾಸಿಗೆಯ ಕೆಳಗೆ ಇಡಬೇಕಿದ್ದ 80 ಲೀಟರಿನ ನೀರಿನ ತೊಟ್ಟಿ ಈಗ ಎಡಗಾಲಿಯ ಕಮಾನಿನ ಹಿಂದೆ ಹೋಗುತ್ತದೆ, ಅದಕ್ಕೆ ಸರಿಯಾಗಿ ಬ್ಯಾಟರಿ ಬಲಕ್ಕೆ ಬರುತ್ತದೆ. ಜಾರುಬಾಗಿಲ ಕೆಳಗೆ ಮಡಚುವ ಒಂದು ಮೆಟ್ಟಿಲು ಬೇಕು. ಎರಡನೆಯ ಹಾಸಿಗೆಯ ಅಡ್ಡಪಟ್ಟಿಗೆ ಉಳಿದ ಜಂತಿ ಸಾಲುತ್ತದೆಯೋ ಎಂದು ಅಳೆದು ನೋಡಬೇಕಾಗಿದೆ.